ಅಕ್ಕಯ್ಯಮ್ಮನ ಬಾವಿ, ನನ್ನ ರೇಡಿಯೇಟರು

ಎಪ್ಪತ್ನಾಲ್ಕನೇ ಇಸವಿಯಲ್ಲಿ ವಿಜಯನಗರದಲ್ಲಿ ಕಾರಿದ್ದ ಮನೆಗಳು ಬೆರಳೆಣಿಕೆಯಷ್ಟು. ಕಾರಿದ್ದೂ ಬಸ್ಸಿನಲ್ಲಿ ಹೋಗುವವರಿಗಿಂತ ತಡವಾಗಿ ಕೆಲಸಕ್ಕೆ ತಲುಪುತ್ತಿದ್ದವಳು ಬಹುಶಃ ನಾನೊಬ್ಬಳೇ. ಹೆಸರು ಕೋಕಿಲಾ. ರಾಜಾಜಿನಗರದ ಒಂದು ಮಹಿಳಾ ಕಾಲೇಜಿನಲ್ಲಿ ಪಿಯುಸಿ ಹುಡುಗಿಯರಿಗೆ ಭೌತಶಾಸ್ತ್ರ ಹೇಳಿಕೊಡುತ್ತಿದ್ದೆ. ಅದರಲ್ಲೂ ಉಷ್ಣದ ಅಧ್ಯಾಯವೆಂದರೆ ನನಗೆ ಪಂಚಪ್ರಾಣ. ನೀರು ಏಕೆ ಕುದಿಯುತ್ತದೆ, ಯಾವಾಗ ಕುದಿಯುತ್ತದೆ ಎಂಬುದನ್ನು ನನ್ನಷ್ಟು ಚೆನ್ನಾಗಿ ವಿವರಿಸುವವರು ಇಡೀ ಬೆಂಗಳೂರಿನಲ್ಲಿಲ್ಲ ಎಂದು ನಂಬಿದ್ದೆ. ಆ ಪಾಠ ಮಾಡಲು ನಾನು ಹತ್ತಿ ಹೊರಡುತ್ತಿದ್ದ ಕಾರು ದಿನವೂ ಹೊಸಹಳ್ಳಿಯ ಹತ್ತಿರ ಕುದಿಯುತ್ತಿತ್ತು.

ಕಾರು ನಾನು ಕೊಂಡದ್ದಲ್ಲ. ಅಂಥದ್ದನ್ನು ಕೊಳ್ಳುವಷ್ಟು ದಡ್ಡಿ ನಾನಲ್ಲ ಎಂದು ಹೇಳಿಕೊಳ್ಳಬಹುದಿತ್ತು, ಆದರೆ ಕೈಯಲ್ಲಿ ದುಡ್ಡಿದ್ದಿದ್ದರೆ ಕೊಳ್ಳುತ್ತಿದ್ದೆ. ಅದು ನನ್ನ ಸೋದರಮಾವ ವೆಂಕಟಗಿರಿಯವರದು. ಮಾವ ಒಬ್ಬ ಇಂಗ್ಲಿಷ್ ಎಂಜಿನಿಯರನ ಕೈಕೆಳಗೆ ಗುಮಾಸ್ತರಾಗಿದ್ದರು. ಆ ದೊರೆ ತನ್ನ ಊರಿಗೆ ಹೊರಟಾಗ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಮಾವನ ಕೈಗೆ ಒಪ್ಪಿಸಿ ಹಡಗು ಹತ್ತಿದ. ಮಾವನಿಗೆ ಕಾರು ಓಡಿಸಲು ಬರುತ್ತಿರಲಿಲ್ಲ, ಕಲಿಯಲೂ ಇಲ್ಲ. ಚಾಮರಾಜಪೇಟೆಯ ಮನೆಯ ಹಿಂದಿನ ಶೆಡ್ಡಿನಲ್ಲಿ ಟಾರ್ಪಾಲು ಹೊದಿಸಿಟ್ಟು, ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದರ ಮುಂದೆ ಕುಂಬಳಕಾಯಿ ಒಡೆಯುತ್ತಿದ್ದರು. ಶೆಡ್ಡು ಕೆಡವಿ ಬಾಡಿಗೆಗೆ ಮನೆ ಕಟ್ಟಿಸುವ ಯೋಚನೆ ಬಂದಾಗ ನನ್ನನ್ನು ಕರೆಸಿದರು.

"ನೀನೇ ತಗೊಂಡು ಹೋಗೇ. ಫಿಸಿಕ್ಸ್ ಓದಿದೀಯ. ನಿಂಗಾದ್ರೆ ಇದರ ಸ್ವಭಾವ ಅರ್ಥ ಆಗತ್ತೆ" ಎಂದರು.

ಹೊಗಳಿಕೆಗೆ ಬೀಳದ ಹೆಂಗಸು ನಾನಲ್ಲ. ಡ್ರೈವಿಂಗ್ ಸ್ಕೂಲಿಗೆ ಸೇರಿ, ಎರಡನೇ ಸಲಕ್ಕೆ ಲೈಸೆನ್ಸು ಪಡೆದು, ಕಾರನ್ನು ವಿಜಯನಗರದ ಮನೆಗೆ ತಂದೆ. ಅಮ್ಮ ಜಗದಾಂಬಾ ಬಾಗಿಲಲ್ಲಿ ನಿಂತು ನೋಡಿ, "ಇದರಲ್ಲಿ ಇಬ್ಬರೇ ಕೂತ್ಕೋಬಹುದಲ್ಲೇ? ನೀನು, ಇನ್ನೊಬ್ಬರು. ಆ ಇನ್ನೊಬ್ಬರನ್ನ ಮೊದಲು ಹುಡುಕೋಣ ಅಂದ್ರೆ ಕೇಳಲ್ಲ" ಎಂದರು. ನನಗೆ ಆಗ ಮೂವತ್ತನಾಲ್ಕು. ಅಮ್ಮ ಯಾವ ವಸ್ತುವನ್ನು ನೋಡಿದರೂ ಮಾತು ನನ್ನ ಮದುವೆಗೇ ಬಂದು ನಿಲ್ಲುತ್ತಿತ್ತು.

ಮೂವತ್ತರ ದಶಕದ ಕಾರು ಅದು. ಉದ್ದನೆಯ ಮೂತಿ, ಕಡ್ಡಿ ಕಡ್ಡಿಯ ಚಕ್ರಗಳು, ಮಡಚಿಡುವ ಬಟ್ಟೆಯ ಮೇಲ್ಛಾವಣಿ. ಮುಂದೆ ಫಳಫಳ ಹೊಳೆಯುವ ರೇಡಿಯೇಟರು, ಅದರ ನೆತ್ತಿಯ ಮುಚ್ಚಳದ ಮೇಲೆ ಒಂದು ಗುಂಡು ಥರ್ಮಾಮೀಟರು. ಓಡಿಸುವವರು ಕೂತಲ್ಲಿಂದಲೇ ಗಾಜಿನೊಳಗಿನ ಕೆಂಪು ದ್ರವ ಏರುವುದನ್ನು ನೋಡಬಹುದಿತ್ತು. ಕಂಪನಿಯ ಹೆಸರು ಹೇಳುವುದಿಲ್ಲ. ಮುಂದೆ ನಡೆದದ್ದರಲ್ಲಿ ಅವರ ತಪ್ಪು ಎಳ್ಳಷ್ಟೂ ಇರಲಿಲ್ಲ.

ಬಾನೆಟ್ ಎತ್ತಿ ನೋಡಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ಈಗಿನ ಕಾರುಗಳಲ್ಲಿ ನೀರನ್ನು ಎಂಜಿನ್ನಿನ ಸುತ್ತ ತಿರುಗಿಸಲು ಒಂದು ಪಂಪು ಇರುತ್ತದೆ. ಇದರಲ್ಲಿ ಪಂಪೇ ಇರಲಿಲ್ಲ. ಎಂಜಿನ್ನಿನಲ್ಲಿ ಕಾದ ನೀರು ಹಗುರಾಗಿ ತಾನಾಗಿ ಮೇಲೇರುತ್ತದೆ, ಮೇಲಿನ ಪೈಪಿನಿಂದ ರೇಡಿಯೇಟರಿಗೆ ಹೋಗುತ್ತದೆ, ಅಲ್ಲಿ ಗಾಳಿಗೆ ತಣಿದು ಭಾರವಾಗಿ ಕೆಳಗಿಳಿದು, ಕೆಳಗಿನ ಪೈಪಿನಿಂದ ಮತ್ತೆ ಎಂಜಿನ್ನಿಗೆ ಬರುತ್ತದೆ. ನಾನು ವರ್ಷವರ್ಷವೂ ಕಪ್ಪುಹಲಗೆಯ ಮೇಲೆ ಬರೆಯುತ್ತಿದ್ದ ಚಿತ್ರವೇ ಕಬ್ಬಿಣ ಹಿತ್ತಾಳೆಗಳಲ್ಲಿ ಎದ್ದು ಬಂದು ನನ್ನ ಅಂಗಳದಲ್ಲಿ ನಿಂತಿತ್ತು.

ಮೊದಲ ದಿನ ರೇಡಿಯೇಟರಿಗೆ ನೀರು ಹಾಕುವಾಗ ಶಾಸ್ತ್ರ ನೆನಪಾಯಿತು. ನೀರು ಕಾದರೆ ಹಿಗ್ಗುತ್ತದೆ. ಹಿಗ್ಗಲು ಜಾಗ ಬಿಡಬೇಕು. ಆದ್ದರಿಂದ ಬಾಯಿಂದ ನಾಲ್ಕು ಬೆರಳು ಕೆಳಗೇ ನಿಲ್ಲಿಸಿದೆ. ಕೈಬೆರಳಿಟ್ಟು ಅಳೆದೇ ನಿಲ್ಲಿಸಿದೆ. ಅಲ್ಲಿಂದ ಮುಂದೆ ಪ್ರತಿ ದಿನವೂ ಹಾಗೆಯೇ.

ವಿಜಯನಗರದಿಂದ ಹೊರಟು, ಹೊಸಹಳ್ಳಿ ದಾಟಿ, ಮಾಗಡಿ ರಸ್ತೆಗೆ ಬಂದು ರಾಜಾಜಿನಗರದ ಕಡೆ ಹೋಗಬೇಕು. ದೂರವೇನೂ ಅಲ್ಲ, ನಡೆದೂ ಹೋಗಬಹುದು. ನಡೆದವರು ನನಗಿಂತ ಮೊದಲು ತಲುಪಿದ್ದೂ ಉಂಟು. ಹೊಸಹಳ್ಳಿಯ ಏರಿನಲ್ಲಿ ಕಾರು ಮೊದಲು ಗೊರಗೊರ ಎನ್ನುತ್ತಿತ್ತು. ಥರ್ಮಾಮೀಟರಿನ ಕೆಂಪು ದ್ರವ ಆಗಲೂ ತಣ್ಣಗೆ ತಳದಲ್ಲೇ ಕೂತಿರುತ್ತಿತ್ತು. ಯಂತ್ರದ ಸದ್ದಿಗಿಂತ ಮಾಪಕವನ್ನು ನಂಬುವುದು ವಿಜ್ಞಾನಿಯ ಧರ್ಮವಾದ್ದರಿಂದ ನಾನು ಹಾಗೇ ಮುಂದುವರಿಯುತ್ತಿದ್ದೆ. ಆಮೇಲೆ ಒಮ್ಮೆಲೇ ದ್ರವ ನೆತ್ತಿಗೇರಿ, ಮುಚ್ಚಳದ ಸುತ್ತ ಬುಸ್ಸೆಂದು ಹಬೆ ಎದ್ದು, ಎದುರಿನ ರಸ್ತೆಯೇ ಕಾಣದಂತಾಗುತ್ತಿತ್ತು.

ಹಾಗೆ ನಿಂತ ಮೊದಲ ದಿನ ಎದುರು ಮನೆಯಿಂದ ಒಬ್ಬ ಹೆಂಗಸು ಬಿಂದಿಗೆ ಹಿಡಿದು ಬಂದಳು. ಎತ್ತರದ ಆಳು, ಕಿವಿಯಲ್ಲಿ ದಪ್ಪ ಓಲೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. ಅವಳೇ ಅಕ್ಕಯ್ಯಮ್ಮ. ಅವರ ಹೊಲವೆಲ್ಲ ಬಡಾವಣೆಗೆ ಹೋಗಿ, ಮನೆ, ಹಿತ್ತಲು, ಎರಡು ಎಮ್ಮೆ, ಒಂದು ಸಿಹಿನೀರಿನ ಬಾವಿ ಉಳಿದಿತ್ತು. ಗಂಡ ತೀರಿಹೋಗಿ ಬಹಳ ಕಾಲವಾಗಿತ್ತು. ಗಂಡುಮಕ್ಕಳು ಮಿಲ್ಲಿಗೆ ಹೋಗುತ್ತಿದ್ದರು.

"ಏನವ್ವಾ, ಅನ್ನಕ್ಕೆ ಎಸರಿಟ್ಟಿದ್ದೀಯಾ?" ಎಂದಳು.

ನಾನು ಕಾಲೇಜಿನಲ್ಲಿ ಪಾಠ ಮಾಡುವವಳೆಂದು ಗೊತ್ತಾದ ಮೇಲೆ 'ಅವ್ವ' ಹೋಗಿ 'ಮೇಷ್ಟ್ರಮ್ಮ' ಆಯಿತು, 'ನೀನು' ಹೋಗಿ 'ನೀವು' ಬಂತು. ಬಾಯಿ ಮಾತ್ರ ಹಾಗೇ ಇತ್ತು. "ನಮ್ ಎಮ್ಮೆಗಳೇ ವಾಸಿ ಕಣ್ ಮೇಷ್ಟ್ರಮ್ಮ. ಸಂಜೆಗೊಂದ್ ಕಿತ ಕುಡಿದ್ರೆ ಆಯ್ತು. ನಿಮ್ದು ಹೋಗ್ತಾ ಒಂದ್ ಕಿತ, ಬರ್ತಾ ಒಂದ್ ಕಿತ. ಹಾಲಾದ್ರೂ ಕೊಡ್ತದಾ?"

ಕಾರು ತಣಿಯುವವರೆಗೆ ಅವಳ ಜಗಲಿಯ ಮೇಲೆ ಕೂರುತ್ತಿದ್ದೆ. ಅವಳು ಸೊಪ್ಪು ಬಿಡಿಸುತ್ತಲೋ ಎಮ್ಮೆಗೆ ಬೂಸ ಕಲೆಸುತ್ತಲೋ ಮಾತಾಡುತ್ತಿದ್ದಳು. ಆಮೇಲೆ ಅವಳು ಸೇದಿಕೊಟ್ಟ ನೀರನ್ನು ನಾನೇ ರೇಡಿಯೇಟರಿಗೆ ಹಾಕುತ್ತಿದ್ದೆ. ಅವಳು ಒಂದು ಸಲ ಬಿಂದಿಗೆಯನ್ನು ಪೂರಾ ಬಗ್ಗಿಸಲು ಹೋದಾಗ, "ಸಾಕು, ಸಾಕು! ಅಷ್ಟು ಹಾಕಬಾರದು" ಎಂದು ಕೈಹಿಡಿದು ತಡೆದು, ನೀರು ಹಿಗ್ಗುವುದರ ಬಗ್ಗೆ ಸಣ್ಣದೊಂದು ಉಪನ್ಯಾಸವನ್ನೂ ಕೊಟ್ಟೆ. ಅವಳು ಗೌರವದಿಂದ ಕೇಳಿಸಿಕೊಂಡಳು.

ಕುದಿಯುವುದನ್ನು ನಿಲ್ಲಿಸಲು ನಾನು ಸುಮ್ಮನೆ ಕೂತಿದ್ದೆ ಎಂದು ಯಾರೂ ತಿಳಿಯಬಾರದು. ಕಾಮಾಕ್ಷಿಪಾಳ್ಯದಲ್ಲಿ ತಗಡಿನ ಚಪ್ಪರದ ಕೆಳಗೆ ಲಾರಿಗಳ ರೇಡಿಯೇಟರು ರಿಪೇರಿ ಮಾಡುವ ಮರಿಯಪ್ಪ ಎಂಬುವನಿದ್ದ. ಆತ್ಮವಿಶ್ವಾಸದಲ್ಲಿ ನನಗೆ ಸರಿಸಮ. ಬಾನೆಟ್ ಎತ್ತಿ ಒಳಗೆಲ್ಲ ಇಣುಕಿ ನೋಡಿ, ದನಿ ತಗ್ಗಿಸಿ, "ಮೇಡಂ, ಪಂಪು ಯಾರೋ ಬಿಚ್ಕೊಂಡು ಹೋಗಿದಾರೆ" ಎಂದ.

ಇದರಲ್ಲಿ ಪಂಪು ಇರುವುದೇ ಇಲ್ಲವೆಂದೂ, ನೀರು ತಾನಾಗಿ ತಿರುಗುತ್ತದೆಂದೂ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚಿತ್ರ ಬರೆದು ತೋರಿಸಿದೆ. ಅವನು ಬೀಡಿ ಮುಗಿಯುವ ತನಕ ಕೇಳಿದ.

"ಚೆನ್ನಾಗಿ ಹೇಳ್ತೀರಾ ಮೇಡಂ. ಆದ್ರೂ ಯಾರೋ ಬಿಚ್ಕೊಂಡೇ ಇರ್ಬೇಕು."

ಅವನು ರೇಡಿಯೇಟರನ್ನು ಇಳಿಸಿ, ಒಳಗಿನ ಸಣ್ಣ ಕೊಳವೆಗಳಿಗೆಲ್ಲ ಕಡ್ಡಿ ಆಡಿಸಿ ತುಕ್ಕು ತೆಗೆದ. ಕಾರು ಕುದಿಯಿತು. ಹೋಸ್ ಪೈಪುಗಳನ್ನು ಬದಲಾಯಿಸಿದ. ಕುದಿಯಿತು. ಗಾಳಿ ಸಾಲದು ಎಂದು ಇಬ್ಬರೂ ಒಮ್ಮತಕ್ಕೆ ಬಂದು, ಸಣ್ಣ ಫ್ಯಾನು ತೆಗೆಸಿ ಒಂದು ಹಳೆಯ ಲಾರಿಯ ಫ್ಯಾನನ್ನು ಕತ್ತರಿಸಿ ಕೂರಿಸಿದೆವು. ಅಂದಿನಿಂದ ನನ್ನ ಕಾರು ಬರುವುದು ಒಂದು ಫರ್ಲಾಂಗ್ ಮುಂಚೆಯೇ ಕೇಳುತ್ತಿತ್ತು. ನಮ್ಮ ರಸ್ತೆಗೆ ಹೊಸದಾಗಿ ಬಂದ ಸಂಸಾರವೊಂದು ಇಲ್ಲಿ ಹಿಟ್ಟಿನ ಗಿರಣಿ ಎಲ್ಲಿದೆ ಎಂದು ಅಮ್ಮನನ್ನು ಕೇಳಿತಂತೆ. ಕಾರು ಮಾತ್ರ ಮೊದಲಿನ ಜಾಗದಲ್ಲೇ ಕುದಿಯಿತು.

ಕಡ್ಡಿ ಆಡಿಸಿದ ಹೊಡೆತಕ್ಕೆ ರೇಡಿಯೇಟರಿನ ಒಂದು ಮೂಲೆ ಸಣ್ಣಗೆ ಸೋರತೊಡಗಿತು. ಅದಕ್ಕೆ ಲಾರಿ ಡ್ರೈವರುಗಳೆಲ್ಲ ಬಲ್ಲ ಮದ್ದನ್ನೇ ಮರಿಯಪ್ಪ ಹೇಳಿದ: ಒಂದು ಹಿಡಿ ಅರಿಶಿನದ ಪುಡಿ ನೀರಿಗೆ ಹಾಕಿದರೆ ತೂತು ಮುಚ್ಚುತ್ತದೆ. ಅಡುಗೆಮನೆಯಲ್ಲಿ ಡಬ್ಬಕ್ಕೆ ಕೈಹಾಕಿದಾಗ ಅಮ್ಮನ ಕೈಗೆ ಸಿಕ್ಕಿಬಿದ್ದೆ.

"ಅರಿಶಿನ ಕುಂಕುಮಕ್ಕೆ ಯಾರಾದರೂ ಕರೆದರೆ ಹೋಗಲ್ಲ. ಕಾರಿಗೆ ಮಾತ್ರ ಅರಿಶಿನ!" ಎಂದರು.

ತೂತೇನೋ ಮುಚ್ಚಿತು. ಆದರೆ ಅಂದು ಕಾಲೇಜಿನ ಗೇಟಿನ ತನಕ ಹೇಗೋ ಎಳೆದುಕೊಂಡು ಹೋಗಿ ಅಲ್ಲಿ ಕುದಿಸಿದ್ದರಿಂದ, ಹಬೆಯ ಜೊತೆ ಎದ್ದ ಹಳದಿ ನೀರು ನಮ್ಮ ಪ್ರಿನ್ಸಿಪಾಲರ ಬಿಳಿ ಸೀರೆಯ ಮೇಲೆ ಬಿತ್ತು. ಅವರು ಸೀರೆ ಕೊಡವಿಕೊಂಡು ಒಳಗೆ ಹೋದರು. ಮರುದಿನದಿಂದ ನನಗೆ ಬೆಳಗಿನ ಮೊದಲ ಪೀರಿಯಡ್ ಹಾಕುವುದನ್ನು ನಿಲ್ಲಿಸಿದರು. ಇದನ್ನು ನಾನು ಬಹಳ ದಿನ ಬಡ್ತಿಯೆಂದೇ ತಿಳಿದಿದ್ದೆ.

ಹೀಗೆ ವರ್ಷ ಕಳೆಯುತ್ತ ಬಂದಾಗ ಅಕ್ಕಯ್ಯಮ್ಮ ಒಂದು ದಿನ ಬಿಂದಿಗೆ ಕೊಡುತ್ತ ಸಂಕೋಚದಿಂದ ನಿಂತಳು. ಅವಳಿಗೂ ಸಂಕೋಚವಾಗುತ್ತದೆಂದು ನನಗೆ ಅಂದೇ ಗೊತ್ತಾದದ್ದು. ಅವಳ ಮಗಳು ಮುನಿತಾಯಮ್ಮನನ್ನು ಬ್ಯಾಡರಹಳ್ಳಿಗೆ ಕೊಟ್ಟಿತ್ತು. ಮದುವೆಯಾಗಿ ಎಷ್ಟೋ ವರ್ಷದ ಮೇಲೆ ಗಂಡುಮಗುವಾಗಿತ್ತು. ಭಾನುವಾರ ಗಂಡನ ಮನೆಯಲ್ಲೇ ನಾಮಕರಣ.

"ಮಗೀಗೆ ತೊಟ್ಲು ಮಾಡಿಸಿವ್ನಿ. ನಿಮ್ ಕಾರಲ್ಲಿ ನನ್ನೊಂದ್ ಕಿತ ಕರ್ಕೊಂಡು ಹೋಗ್ತೀರಾ? ಬೀಗರು ಒಸಿ ದೊಡ್ಡ ಜನ. ಬಸ್ಸಲ್ಲಿ ತೊಟ್ಲು ಹೊತ್ಕೊಂಡು ಇಳಿಯಕ್ಕೆ..." ಎಂದು ನಿಲ್ಲಿಸಿದಳು.

ನನಗೆ ಕಣ್ಣು ತುಂಬಿತು. ಇಡೀ ಬೆಂಗಳೂರಿನಲ್ಲಿ ನನ್ನ ಕಾರನ್ನು ದಿನಕ್ಕೆರಡು ಸಲ ಕೆಟ್ಟು ನಿಂತಿರುವಾಗ ನೋಡಿದವಳು ಅವಳೊಬ್ಬಳೇ. ಆದರೂ ಅದರಲ್ಲಿ ಕೂತು ಹೋಗುವುದನ್ನು ಒಂದು ಮರ್ಯಾದೆ ಎಂದುಕೊಂಡಿದ್ದಳು. "ಖಂಡಿತ ಕರ್ಕೊಂಡು ಹೋಗ್ತೀನಿ ಅಕ್ಕಯ್ಯಮ್ಮ" ಎಂದೆ.

ಭಾನುವಾರ ಬೆಳಿಗ್ಗೆ ಅವಳು ಜರಿಯಂಚಿನ ಕಡುಗೆಂಪು ಸೀರೆಯುಟ್ಟು, ತಲೆಗೆ ಎಣ್ಣೆ ಹಚ್ಚಿ ನುಣ್ಣಗೆ ಬಾಚಿಕೊಂಡು ಕಾದಿದ್ದಳು. ತೊಟ್ಟಿಲನ್ನು ಕಾರಿನ ಹಿಂಭಾಗಕ್ಕೆ ಹಗ್ಗದಿಂದ ಬಿಗಿದೆವು. ಎರಡು ಟಿನ್ನು ನೀರನ್ನೂ ಇಟ್ಟುಕೊಂಡೆ. ಕಾಮಾಕ್ಷಿಪಾಳ್ಯದಲ್ಲಿ ಒಮ್ಮೆ ಕುದಿಯಿತು. ಸುಂಕದಕಟ್ಟೆಗೆ ಮುಂಚೆ ಇನ್ನೊಮ್ಮೆ ಕುದಿಯಿತು. ಸುಂಕದಕಟ್ಟೆ ದಾಟಿದ ಮೇಲೆ ಎಂಜಿನ್ನು ಖಣ್ ಎಂದು ಸದ್ದು ಮಾಡಿ ನಿಂತೇಹೋಯಿತು. ಟಿನ್ನಿನಲ್ಲಿ ಹನಿ ನೀರಿರಲಿಲ್ಲ. ಎರಡೂ ಕಡೆ ರಾಗಿ ಹೊಲ, ಬಿಸಿಲು. ಅಕ್ಕಯ್ಯಮ್ಮ ಸೀಟಿನ ಮೇಲೆ ನೆಟ್ಟಗೆ ಕೂತು ದಾರಿ ನೋಡುತ್ತಿದ್ದಳು. ಅವಳು ತಮಾಷೆ ಮಾಡಿದ್ದರೆ ತಡೆದುಕೊಳ್ಳುತ್ತಿದ್ದೆ.

ಅಷ್ಟರಲ್ಲಿ ಹಿಂದಿನಿಂದ ಒಂದು ಖಾಲಿ ಎತ್ತಿನಗಾಡಿ ಬಂತು. ಹೊಡೆಯುತ್ತಿದ್ದವನು ಬ್ಯಾಡರಹಳ್ಳಿಯ ದೊಡ್ಡಹನುಮಯ್ಯ, ಮುನಿತಾಯಮ್ಮನ ಗಂಡನಿಗೆ ದೊಡ್ಡಪ್ಪನಾಗಬೇಕು.

"ಹತ್ತಕ್ಕಯ್ಯ ಗಾಡಿಗೆ, ತೊಟ್ಲೂ ಇಕ್ಕು. ಹೊತ್ತಾಯ್ತದೆ" ಎಂದ.

"ಕಾರಲ್ಲಿ ಬತ್ತೀನಿ ಅಂತ ಹೇಳ್ಕಳ್ಸಿವ್ನಿ ಭಾವ" ಎಂದಳು ಅಕ್ಕಯ್ಯಮ್ಮ. "ಕಾರಲ್ಲೇ ಬರೋದು. ನೀನು ಹಗ್ಗ ಕಟ್ಟು."

ಅವನು ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಹಗ್ಗ ಕಟ್ಟಿದ.

ಇಂಗ್ಲೆಂಡಿನ ರಸ್ತೆಗಳಲ್ಲಿ ಗಾಳಿಯಂತೆ ಓಡಲೆಂದು ಮಾಡಿದ ಆ ಕಾರು ಬ್ಯಾಡರಹಳ್ಳಿಯನ್ನು ಎರಡು ಬಿಳಿ ಎತ್ತುಗಳ ಹಿಂದೆ ಪ್ರವೇಶಿಸಿತು. ನಾನು ಸ್ಟೀರಿಂಗ್ ಹಿಡಿದು ಕೂತಿದ್ದೆ. ಮಾಡಲು ಬೇರೆ ಕೆಲಸವಿರಲಿಲ್ಲ. ಪಕ್ಕದಲ್ಲಿ ಅಕ್ಕಯ್ಯಮ್ಮ ತಲೆಯೆತ್ತಿ ಕೂತಿದ್ದಳು. ಊರಿಗೆ ಊರೇ ಹೊರಗೆ ಬಂತು. ಒಬ್ಬ ಮುದುಕಪ್ಪ ಚಪ್ಪಲಿ ಬಿಟ್ಟು ಕೈಮುಗಿದ. ಯಾವುದೋ ಉತ್ಸವಮೂರ್ತಿ ಎಂದುಕೊಂಡಿರಬೇಕು. ಬೀಗರು ಆರತಿ ತಂದರು. ನಾನು ಕಾರಿನ ಕೆಳಗೆ ತೂರಿಕೊಳ್ಳುವಷ್ಟು ಜಾಗವಿದೆಯೇ ಎಂದು ನೋಡುತ್ತಿದ್ದೆ.

ಮಗುವಿಗೆ ವೆಂಕಟೇಶ ಎಂದು ಹೆಸರಿಟ್ಟರು. ಊಟಕ್ಕೆ ನನ್ನನ್ನು ಮೊದಲ ಸಾಲಿನಲ್ಲಿ ಕೂರಿಸಿದರು. ಒಬ್ಬ ಹಿರಿಯರು ಕಾರಿಗೇನಾಯಿತೆಂದು ಕೇಳಿದಾಗ, ಹೋಳಿಗೆ ಕೈಯಲ್ಲಿ ಹಿಡಿದುಕೊಂಡೇ ಉಷ್ಣದ ಅಧ್ಯಾಯವನ್ನು ಸಾದ್ಯಂತವಾಗಿ ಹೇಳಿದೆ. "ಭಾಳ ಓದ್ಕೊಂಡವ್ರೆ" ಎಂದು ಅವರು ಪಕ್ಕದವರಿಗೆ ಹೇಳಿದ್ದು ಕೇಳಿಸಿತು. ಅಂಥ ಹೊತ್ತಿನಲ್ಲೂ ನನಗೆ ಅದು ಹಿತವಾಗಿತ್ತು.

ಸಂಜೆಯ ಹೊತ್ತಿಗೆ ತಣಿದ ಎಂಜಿನ್ನು ಪುಣ್ಯಕ್ಕೆ ಮತ್ತೆ ತಿರುಗಿತು. ಅಲ್ಲಿನ ಯುವಕರು ಉತ್ಸಾಹದಿಂದ ಕೊಡಗಟ್ಟಲೆ ನೀರು ತಂದು, ನಾನು ಬರುವಷ್ಟರಲ್ಲಿ ರೇಡಿಯೇಟರಿನ ಬಾಯಿ ತುಳುಕುವವರೆಗೆ ತುಂಬಿಬಿಟ್ಟಿದ್ದರು. "ಇಷ್ಟು ತುಂಬಬಾರದು ಕಣಪ್ಪ, ನೀರು ಹಿಗ್ಗತ್ತೆ" ಎಂದು ಗದರಿದೆ. ತೆಗೆಯಲು ವ್ಯವಧಾನವಿರಲಿಲ್ಲ. ಸ್ವಲ್ಪ ದೂರದಲ್ಲಿ ಹೆಚ್ಚಿನ ನೀರು ಪಕ್ಕದ ಸಣ್ಣ ಕೊಳವೆಯಿಂದ ತೊಟ್ಟಿಕ್ಕಿ ಹೋಯಿತು. ಕಾರು ಹೊಸಹಳ್ಳಿಯವರೆಗೂ, ಅಲ್ಲಿಂದ ಮನೆಯವರೆಗೂ ಒಂದು ಸಲವೂ ಕುದಿಯಲಿಲ್ಲ. ಸಂಜೆಯ ತಂಗಾಳಿಯ ಪರಿಣಾಮವೆಂದು ತೀರ್ಮಾನಿಸಿದೆ. ಬೆಳಿಗ್ಗೆ ಎದ್ದು ಮೊದಲ ಕೆಲಸವಾಗಿ, ಹೆಚ್ಚಾಗಿ ಉಳಿದಿದ್ದ ನೀರನ್ನು ತೆಗೆದು ನಾಲ್ಕು ಬೆರಳು ಕೆಳಗೆ ತಂದು ನಿಲ್ಲಿಸಿದೆ. ಎಂದಿನಂತೆ ಕುದಿಯಿತು.

ಆ ವಾರವೇ ತರಗತಿಯಲ್ಲಿ ಉಷ್ಣದ ಅಧ್ಯಾಯ ಬಂತು. ಹಲಗೆಯ ಮೇಲೆ ಚಿತ್ರ ಬರೆದೆ. ಈ ಕಡೆ ಕಾಯಿಸುವ ಪಾತ್ರೆ, ಆ ಕಡೆ ತಣಿಸುವ ತೊಟ್ಟಿ, ಎರಡಕ್ಕೂ ಮೇಲೊಂದು ಪೈಪು, ಕೆಳಗೊಂದು ಪೈಪು. ಹಿಂದಿನ ಬೆಂಚಿನಿಂದ ಸೀತಾ ಎಂಬ ಹುಡುಗಿ ಎದ್ದು ನಿಂತಳು. ಅವಳು ಪಾಠ ಕೇಳುತ್ತಿದ್ದಾಳೆಂಬುದೇ ನನಗೆ ಆಶ್ಚರ್ಯ.

"ಮಿಸ್, ನೀರು ಮೇಲಿನ ಪೈಪಿಗಿಂತ ಕೆಳಗಿದ್ರೆ ಏನಾಗತ್ತೆ?"

"ಏನಾಗತ್ತೆ? ತಿರುಗಲ್ಲ. ಆ ಕಡೆ ಹೋಗೋಕೆ ನೀರಿಗೆ ದಾರಿ ಎಲ್ಲಿದೆ? ಕಾಯಿಸೋ ಪಾತ್ರೆ ಒಳಗೇ ನಿಂತು ಕುದ್ದುಹೋಗತ್ತೆ" ಎಂದೆ. ಅಷ್ಟಕ್ಕೆ ನಿಲ್ಲಿಸಬಹುದಿತ್ತು. "ಮೇಲಿನ ಪೈಪು ಮುಳುಗೋ ಹಾಗೆ ತುಂಬದೆ ಇರೋ ದಡ್ಡರು ಯಾರಿರ್ತಾರೆ? ಸ್ವಲ್ಪ ಯೋಚನೆ ಮಾಡಿ ಪ್ರಶ್ನೆ ಕೇಳಬೇಕು" ಎಂದೂ ಸೇರಿಸಿದೆ.

ಆಮೇಲೆ ಹಲಗೆಯ ಕಡೆ ತಿರುಗಿದೆ. ನಾನೇ ಬರೆದ ಮೇಲಿನ ಪೈಪು ಕಾಣಿಸಿತು. ಹಲಗೆಯ ಮೇಲೆ ಅದರ ಪಕ್ಕ ನನ್ನ ನಾಲ್ಕು ಬೆರಳನ್ನು ಅಡ್ಡ ಇಟ್ಟು ನೋಡಿದೆ. ಥರ್ಮಾಮೀಟರು ಏಕೆ ಯಾವಾಗಲೂ ತಣ್ಣಗಿರುತ್ತಿತ್ತೆಂಬುದೂ ಆಗಲೇ ಹೊಳೆಯಿತು. ಅದರ ಬುಡ ನೀರನ್ನು ಮುಟ್ಟುತ್ತಲೇ ಇರಲಿಲ್ಲ. ಖಾಲಿ ಜಾಗದ ಗಾಳಿಯನ್ನು ಅಳೆಯುತ್ತಿತ್ತು.

"ಮಿಸ್, ಹುಷಾರಾಗಿದೀರಾ?" ಎಂದಳು ಸೀತಾ.

"ಕೂತ್ಕೋ. ಒಳ್ಳೆ ಪ್ರಶ್ನೆ" ಎಂದೆ. ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನನ್ನ ಬಾಯಲ್ಲಿ ಆ ಮಾತು ಅವರು ಕೇಳಿರಲಿಲ್ಲ.

ಗಂಟೆ ಹೊಡೆದದ್ದೇ ತಡ, ಕಾಲೇಜಿನ ನಲ್ಲಿಯಿಂದ ನೀರು ಹೊತ್ತು ರೇಡಿಯೇಟರನ್ನು ಕಂಠಪೂರ್ತಿ ತುಂಬಿದೆ. ಅಂದು ಕಾರು ಹೊಸಹಳ್ಳಿಯ ದಾರಿಯಲ್ಲಿ ಬೆಣ್ಣೆಯ ಮೇಲೆ ಹೋದಂತೆ ಹೋಯಿತು. ಮರುದಿನವೂ ಅಷ್ಟೇ. ಕೆಂಪು ದ್ರವ ನಿಧಾನವಾಗಿ ಏರಿ, ನಡುವಿನಲ್ಲಿ ನಿಂತು, ಅಲ್ಲಿಂದ ಕದಲಲಿಲ್ಲ. ಕಾಮಾಕ್ಷಿಪಾಳ್ಯಕ್ಕೆ ಹೋಗಿ ಮರಿಯಪ್ಪನಿಗೆ ವಿಷಯ ತಿಳಿಸಿದೆ. ಅವನು ತಲೆದೂಗಿ, "ಫ್ಯಾನು ಸೆಟ್ ಆಗಕ್ಕೆ ಟೈಮ್ ತಗೊಂಡಿದೆ ಮೇಡಂ. ನಾನು ಅವತ್ತೇ ಹೇಳ್ಲಿಲ್ವಾ" ಎಂದ. ಅವನನ್ನು ಕಂಡು ನನಗೆ ಅಸೂಯೆಯಾಯಿತು.

ಅಕ್ಕಯ್ಯಮ್ಮನ ಮನೆ ಮುಂದೆ ಈಗ ನಿಲ್ಲಬೇಕಾದ ಅಗತ್ಯವೇ ಇರಲಿಲ್ಲ. ಗೆದ್ದ ಹುಮ್ಮಸ್ಸಿನಲ್ಲಿ ಬರ್ರೆಂದು ಹೋಗುತ್ತ, ಅವಳು ಕಂಡರೆ ಕೈಬೀಸುತ್ತಿದ್ದೆ. ಅವಳು ಬಾವಿಯ ಹತ್ತಿರ ನಿಂತಿರುತ್ತಿದ್ದಳು. ಕಾಲಬುಡದಲ್ಲಿ ತುಂಬಿದ ಬಿಂದಿಗೆ ಇರುತ್ತಿತ್ತೆಂಬುದನ್ನು ನಾನು ಗಮನಿಸಲಿಲ್ಲ. ನನ್ನ ಕಣ್ಣೆಲ್ಲ ಥರ್ಮಾಮೀಟರಿನ ಮೇಲೆ.

ಒಂದು ಶನಿವಾರ ಮಧ್ಯಾಹ್ನ ಮನೆಗೆ ಬಂದರೆ ಅಕ್ಕಯ್ಯಮ್ಮ ನಮ್ಮ ಹಜಾರದಲ್ಲಿ ಕೂತಿದ್ದಳು. ಮಡಿಲ ಬಳಿ ಒಂದು ಚೀಲ ಅವರೆಕಾಯಿ. ವಿಳಾಸ ಗೊತ್ತಿಲ್ಲದೆ, ಗಿರಣಿಯಂತೆ ಸದ್ದು ಮಾಡುವ ಕಾರಿನ ಮನೆ ಯಾವುದೆಂದು ಕೇಳಿಕೊಂಡು ನಡೆದೇ ಬಂದಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

"ಮೇಷ್ಟ್ರಮ್ಮ, ಅವತ್ತು ಎತ್ತು ಕಟ್ಸಿದ್ದು ನಿಮ್ಗೆ ಅವಮಾನ ಆಯ್ತು ಅಂತ ಕಾಣ್ತದೆ. ಜಂಬ ನಂದು. ಗಾಡಿ ಹತ್ಬೇಕಿತ್ತು ನಾನು. ಅದಕ್ಕೇ ನೀವು ಮನೆ ಮುಂದೆ ನಿಲ್ಲಿಸ್ತಿಲ್ಲ. ಕೈ ಅಂಗೆ ಆಡಿಸ್ಕೊಂಡು ಹೊಂಟೋಯ್ತೀರಿ."

ಉಷ್ಣದ ಅಧ್ಯಾಯದಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಡುಗೆಮನೆಯಿಂದ ಕಾಫಿ ತರುತ್ತಿದ್ದ ಅಮ್ಮನೇ ನಡುವೆ ಬಂದರು.

"ಅಯ್ಯೋ, ಅವಮಾನ ಎಲ್ಲಿಂದ ಬಂತು ಅಕ್ಕಯ್ಯಮ್ಮ? ಇವಳು ಇಷ್ಟು ದಿನ ಅದಕ್ಕೆ ಹೊಟ್ಟೆತುಂಬ ನೀರೇ ಹಾಕ್ತಿರಲಿಲ್ವಂತೆ. ಈಗ ತುಂಬ್ತಾಳೆ, ಕುದಿಯೋದು ನಿಂತಿದೆ. ಅಷ್ಟೇ ವಿಷಯ."

ಅಕ್ಕಯ್ಯಮ್ಮ ಅಮ್ಮನನ್ನು ನೋಡಿದಳು. ನನ್ನನ್ನು ನೋಡಿದಳು. "ಬಿಂದಿಗೆ ಬಗ್ಸಕ್ಕೆ ಹೋದ್ರೆ ಕೈ ಹಿಡ್ಕೊಂಡ್ರಲ್ಲಾ..." ಎಂದು ಶುರುಮಾಡಿದವಳಿಗೆ ಮಾತು ಮುಂದುವರಿಸಲು ಆಗಲಿಲ್ಲ. ಸೆರಗನ್ನು ಬಾಯಿಗೊತ್ತಿಕೊಂಡು ನಕ್ಕಳು. ಅಮ್ಮನೂ ನಗಲು ಶುರುಮಾಡಿ, ಕಾಫಿ ಲೋಟ ಕೆಳಗಿಟ್ಟು ಗೋಡೆ ಹಿಡಿದುಕೊಂಡರು. ನಾನೂ ನಕ್ಕೆ. ಆ ಇಬ್ಬರಷ್ಟು ಜೋರಾಗಿ ಅಲ್ಲ.

ಆಮೇಲೆ ಅವರಿಬ್ಬರೂ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತ ಕೂತರು. ಮುನಿತಾಯಮ್ಮನ ಬಾಣಂತನ, ಎಮ್ಮೆಯ ಹಾಲು, ನನ್ನ ಮದುವೆ, ಎಲ್ಲವೂ ಬಂದುಹೋಯಿತು. ನನ್ನ ಮದುವೆಯ ವಿಷಯದಲ್ಲಿ ಅಮ್ಮನಿಗೆ ಹೊಸದೊಂದು ಬೆಂಬಲ ಸಿಕ್ಕಿದ್ದು ಬಿಟ್ಟರೆ ಆ ಮಧ್ಯಾಹ್ನದಿಂದ ನನಗೆ ನಷ್ಟವೇನೂ ಆಗಲಿಲ್ಲ.

ಬಿಸಿಲು ಇಳಿದ ಮೇಲೆ ಅಕ್ಕಯ್ಯಮ್ಮನನ್ನು ಮನೆಗೆ ಬಿಡಲು ಹೊರಟೆ. ಅವಳೇ ರೇಡಿಯೇಟರಿನ ಮುಚ್ಚಳ ತೆಗೆಸಿ, ಬಗ್ಗಿ ನೋಡಿ, ತೃಪ್ತಿಯಿಂದ ಹತ್ತಿ ಕೂತಳು. ಹೊಸಹಳ್ಳಿ ಬಂತು. ಅವಳ ಮನೆಯೂ ಬಂತು. ನಿಲ್ಲಿಸಲು ಹೋದರೆ ನನ್ನ ತೋಳು ಮುಟ್ಟಿ, "ಸುಂಕದಕಟ್ಟೆ ಗಂಟ ಹೋಗ್ಬರಾನಾ?" ಎಂದಳು.

ಮಾಗಡಿ ರಸ್ತೆಗೆ ಬಂದು ಪಶ್ಚಿಮಕ್ಕೆ ತಿರುಗಿದೆವು. ಕಾಮಾಕ್ಷಿಪಾಳ್ಯದಲ್ಲಿ ಸಂತೆ ಮುಗಿಸಿ ಹೊರಟವರು, ಬಸ್ಸಿಗೆ ಕಾದವರು, ಸೈಕಲ್ಲು ತುಳಿಯುವವರು ಎಲ್ಲರೂ ಆ ಸದ್ದಿಗೆ ತಿರುಗಿ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಅಕ್ಕಯ್ಯಮ್ಮನಿಗೆ ಗೊತ್ತಿದ್ದವರು. ಅವಳು ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೂಗಿ ಕರೆಯುತ್ತ, ಸೆರಗು ಹಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಇನ್ನೊಂದು ಕೈ ಬೀಸುತ್ತಿದ್ದಳು. ಓಡಿಸುತ್ತಿದ್ದವಳ ಕಡೆ ಯಾರೂ ನೋಡಲಿಲ್ಲ.